ದೂರದ ಸಹೋದ್ಯೋಗಿಗಳು: ‘ನಾವು’ ಮತ್ತು ‘ಅವರು’

ಮಾನವನು ಸಂಘಜೀವಿ. ಸಂಘವಿದ್ದಲ್ಲಿ ‘ನಾವು’ ಎಂಬ ಅಭಿಮಾನವುಂಟು. ಅದರ ಬೆನ್ನಿಗೇ ‘ಅವರು’ ಎಂಬ ಭೇದವೂ ಉಂಟು. 1985ರಲ್ಲಿ ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯು ಬೆಂಗಳೂರಿನಲ್ಲಿ ತನ್ನ ಕೇಂದ್ರವನ್ನು ತೆರೆಯಿತು. ಅಂದಿನಿಂದೀಚೆಗೆ ದೂರದೇಶದವರೊಡನೆ ಕೂಡಿ ಒಂದೇ ಕೆಲಸವನ್ನು ಮಾಡುವ ಕನ್ನಡಿಗರು ಹೆಚ್ಚುತ್ತಲೇ ಬಂದಿದ್ದಾರೆ. ನಮ್ಮಲ್ಲಿ ಕೆಲವರಾದರೂ ನಾಳೆ ಅಂತಹ ತಂಡಗಳನ್ನು ಸೇರುವವರೇ. ಆದುದರಿಂದ, ಎದುರುಬದುರು ಕುಳಿತು ಮಾತನಾಡದ ಈ ಜೊತೆಗಾರರಲ್ಲಿ ಭೇದಭಾವವು ಹೇಗೆ ಹುಟ್ಟುವುದು, ಹೇಗೆ ಶಮನವಾಗುವುದು ಎಂಬುದು ವಿಚಾರಾರ್ಹವಾಗಿದೆ.

ಭೇದಕ್ಕೆ ಹಳೆಯ ವೈರವೇ ಬೇಕೆಂದಿಲ್ಲ. ಹೆನ್ರಿ ತಾಜ್‌ಫೆಲ್ ಎಂಬ ಮನಶ್ಶಾಸ್ತ್ರಜ್ಞರು ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಶಾಲಾಬಾಲಕರನ್ನು ಕುರಿತು 1970ರಲ್ಲಿ ಪ್ರಕಟಿಸಿದ ಪ್ರಯೋಗವು ಪ್ರಸಿದ್ಧವಾದುದು. ಕ್ಲೇ, ಕಾಂಡಿನ್‌ಸ್ಕಿ ಎಂಬ ಇಬ್ಬರು ಚಿತ್ರಕಾರರಲ್ಲಿ ಯಾರ ಚಿತ್ರವನ್ನು ಮೆಚ್ಚಿದರೆಂಬ ನೆಪದಿಂದ ಬಾಲಕರನ್ನು ಎರಡು ಗುಂಪುಗಳಾಗಿ ವಿಂಗಡಿಸಲಾಯಿತು. ತನ್ನ ಗುಂಪಿನವರು ಯಾರೆಂಬುದು ಯಾವ ಬಾಲಕನಿಗೂ ತಿಳಿದಿರಲಿಲ್ಲ. ಆದರೂ ಹಣವನ್ನು ಹಂಚುವಾಗ ಹೆಚ್ಚಿನವರು ತಮ್ಮ ಗುಂಪಿನ ಕಡೆಗೇ ವಾಲಿದರು!

ದೂರವು ಈ ಭೇದವನ್ನು ಇನ್ನಷ್ಟು ಬೆಳೆಸುತ್ತದೆ. ಚಳಿಗಾಲದಲ್ಲಿ ಬೆಂಗಳೂರಿಗೂ ಸಾನ್ ಫ್ರಾನ್ಸಿಸ್ಕೊ ನಗರಕ್ಕೂ 13½ ಗಂಟೆಗಳ ಅಂತರ. ಇಲ್ಲಿ ಸೋಮವಾರ ಬೆಳಗ್ಗೆ 9 ಗಂಟೆಗೆ ಒಂದು ಪ್ರಶ್ನೆಯನ್ನು ಕಳುಹಿಸಿದರೆ, ಅಲ್ಲಿ ಇನ್ನೂ ಭಾನುವಾರ ಸಂಜೆ 7-30. ದಿನವಿಡೀ ಕಾದವನು ‘ಅವರಿಗೆ ನಾವು ಲೆಕ್ಕಕ್ಕಿಲ್ಲ’ ಎನ್ನುತ್ತಾನೆ. ನವೆಂಬರ್ 1ರ ರಾಜ್ಯೋತ್ಸವದ ರಜೆಯನ್ನು ಅರಿಯದ ಲಂಡನ್ನಿನವನು ‘ಬೆಂಗಳೂರಿನವರು ಸೋಮಾರಿಗಳು’ ಎಂದುಕೊಳ್ಳುತ್ತಾನೆ. ಸಂದರ್ಭದ ದೋಷವು ಸ್ವಭಾವದ ದೋಷವಾಗಿ, ಒಬ್ಬನ ಮೌನವು ಇಡೀ ಗುಂಪಿನ ಗುಣವಾಗಿ ಕಾಣುವುದು ಹೀಗೆಯೇ. ಬೇರೆ ಬೇರೆ ಊರುಗಳಲ್ಲಿ ಹಂಚಿಹೋಗಿದ್ದ ತಂಡಗಳನ್ನು ಅಭ್ಯಸಿಸಿದ ಕ್ಯಾಥರೀನ್ ಕ್ರಾಮ್ಟನ್ ಅವರು 2001ರಲ್ಲಿ ಇದನ್ನು ವಿವರಿಸಿದರು: ಪರಸ್ಪರರ ಪರಿಸ್ಥಿತಿಯನ್ನು ಅರಿಯದವರು ತಪ್ಪನ್ನು ವ್ಯಕ್ತಿಯ ಮೇಲೆಯೇ ಹೊರಿಸುತ್ತಾರೆ.

ಇದಕ್ಕೆ ಪರಿಹಾರವುಂಟೆ? 1954ರಲ್ಲಿ ಮುಜಾಫರ್ ಷೆರಿಫ್ ಅವರು ಅಮೆರಿಕದ ಒಕ್ಲಹೋಮಾ ರಾಜ್ಯದ ಶಿಬಿರವೊಂದರಲ್ಲಿ 22 ಬಾಲಕರನ್ನು ಎರಡು ಗುಂಪು ಮಾಡಿ ಸ್ಪರ್ಧೆಗಿಳಿಸಿದಾಗ ಕಡುವೈರ ಬೆಳೆಯಿತು. ಒಟ್ಟಿಗೆ ಕೂರಿಸಿ ಉಣಬಡಿಸಿದರೂ ಅದು ತಣಿಯಲಿಲ್ಲ. ಶಿಬಿರದ ನೀರು ನಿಂತು, ಎಲ್ಲರೂ ಸೇರಿ ದುಡಿಯಬೇಕಾಗಿ ಬಂದ ಮೇಲೆಯೇ ಕ್ರಮೇಣ ಸ್ನೇಹ ಚಿಗುರಿತು. ಬರಿಯ ಪರಿಚಯ ಸಾಲದು, ಸಮಾನ ಗುರಿ ಬೇಕು. ಅದೇ ವರ್ಷ ಗಾರ್ಡನ್ ಆಲ್‌ಪೋರ್ಟ್ ಅವರು ಸಮಾನ ಸ್ಥಾನವೂ ಬೇಕೆಂದರು. ಸಭೆಗಳೆಲ್ಲ ಒಬ್ಬರ ಹಗಲಿಗೆ, ಇನ್ನೊಬ್ಬರ ನಡುರಾತ್ರಿಗೆ ನಿಗದಿಯಾದರೆ ಆ ಸಮಾನತೆ ಎಲ್ಲಿ ಉಳಿಯಿತು? ನಿದ್ದೆಗೆಡುವ ಸರದಿಯನ್ನೂ ಹಂಚಿಕೊಳ್ಳುವುದೇ ನ್ಯಾಯ.

ಇದಕ್ಕಾಗಿ ಯಾರೂ ತಮ್ಮತನವನ್ನು ಬಿಡಬೇಕಾಗಿಲ್ಲ. ಕನ್ನಡಿಗನು ಕನ್ನಡಿಗನಾಗಿದ್ದುಕೊಂಡೇ ಒಳ್ಳೆಯ ಜೊತೆಗಾರನಾಗಬಲ್ಲನು. ಉತ್ತರ ಬಾರದಿದ್ದಾಗ ‘ಅವರೇ ಹಾಗೆ’ ಎನ್ನುವ ಮೊದಲು ‘ಅಲ್ಲಿ ಈಗ ಗಂಟೆಯೆಷ್ಟು?’ ಎಂದು ಕೇಳಿಕೊಂಡರೆ ಸಾಕು. ‘ಅವರು’ ‘ನಾವು’ ಆಗುವ ದಾರಿ ಅಲ್ಲಿಂದಲೇ ಮೊದಲಾಗುತ್ತದೆ.