ಒಪ್ಪುವ ಮುನ್ನ ನಿಯಮ ಓದಿ

ಪ್ರಶ್ನೆ: ಮಗಳಿಗೆ ಅಮೆರಿಕದ ಸಣ್ಣ ಕ್ರೈಸ್ತ ಕಾಲೇಜೊಂದರಲ್ಲಿ ಓದುವಾಸೆ. ನಾವು ಹಿಂದೂಗಳು. ಅಲ್ಲಿ ಹೊಂದಿಕೊಳ್ಳುತ್ತಾಳೆಯೇ?
– ಒಬ್ಬ ತಾಯಿ, ಮೈಸೂರು

ಉತ್ತರ: ಯಾವ ಕಾಲೇಜು ಎನ್ನುವುದೇ ಮುಖ್ಯ, ಅಮ್ಮ. ಇಲಿನಾಯ್‌ನ ವೀಟನ್ ಕಾಲೇಜಿನಲ್ಲಿ ವಿದ್ಯಾರ್ಥಿಗಳು ಕ್ರೈಸ್ತ ಬದುಕಿನ ಒಡಂಬಡಿಕೆಗೆ ಒಪ್ಪಬೇಕು. ಕಾಲೇಜಿನ ಪ್ರಾರ್ಥನಾ ಸಭೆಯಾದ ಚಾಪೆಲ್‌ಗೆ ಹಾಜರಾತಿಯೂ ಕಡ್ಡಾಯ. 1860ರಲ್ಲಿ ಶುರುವಾದ ಆ ಕಾಲೇಜು ತಾನೇ ನಡೆಸಿದ ಮೊದಲ ನೃತ್ಯಕೂಟಕ್ಕೆ 2003ರವರೆಗೆ ಕಾಯಬೇಕಾಯಿತು! ಮಿನ್ನೆಸೋಟದ ಸೇಂಟ್ ಓಲಾಫ್ ಕಾಲೇಜು ಬೇರೆಯೇ. ನಾರ್ವೆಯಿಂದ ಬಂದ ಲುಥೆರನ್ ವಲಸಿಗರು 1874ರಲ್ಲಿ ಕಟ್ಟಿದ ಆ ಕಾಲೇಜಿಗೆ ಎಲ್ಲ ಧರ್ಮದವರೂ ಬರುತ್ತಾರೆ. ಚಾಪೆಲ್‌ಗೆ ಹೋಗುವುದು ಅವರವರ ಇಷ್ಟ. ಆದರೆ ಆವರಣದಲ್ಲಿ ಮದ್ಯ ನಿಷಿದ್ಧ.

ಇಂಥ ಕಡೆ ತರಗತಿಗಳು ಚಿಕ್ಕವು, ಅಧ್ಯಾಪಕರಿಗೆ ಹೆಸರು ಹಿಡಿದು ಕರೆಯುವಷ್ಟು ಪರಿಚಯ. ವಿಜ್ಞಾನ ಓದುವವಳೂ ತತ್ತ್ವಶಾಸ್ತ್ರ, ಸಂಗೀತ ಕಲಿಯಬಹುದು. ಆದರೆ ಎಲ್ಲರಿಗೂ ಎಲ್ಲರೂ ಗೊತ್ತಿರುವ ಊರಿನ ಹಾಗೆ, ಏಕಾಂತ ಕಡಿಮೆ.

ಚಾಪೆಲ್ ಕಡ್ಡಾಯವೇ, ಹಾಸ್ಟೆಲ್ ನಿಯಮಗಳೇನು, ಸಸ್ಯಾಹಾರ ಸಿಗುತ್ತದೆಯೇ, ರಜೆಯಲ್ಲಿ ಹಾಸ್ಟೆಲ್ ತೆರೆದಿರುತ್ತದೆಯೇ ಎಂದು ಪ್ರವೇಶ ವಿಭಾಗಕ್ಕೆ ಮಗಳೇ ಪತ್ರ ಬರೆದು ಕೇಳಲಿ. ಇನ್ನು ಖರ್ಚಿನ ಮಾತು: ಎಫ್-1 ವಿದ್ಯಾರ್ಥಿ ವೀಸಾದಲ್ಲಿ ತರಗತಿ ನಡೆಯುವಾಗ ವಾರಕ್ಕೆ 20 ಗಂಟೆಯಷ್ಟೇ ಕ್ಯಾಂಪಸ್ ಕೆಲಸ. ಅದನ್ನು ನಂಬಿ ಶುಲ್ಕದ ಲೆಕ್ಕ ಹಾಕಬೇಡಿ. ನಿಯಮಗಳನ್ನು ಮನಸಾರೆ ಒಪ್ಪುವುದಾದರೆ ಮಾತ್ರ ಕಳಿಸಿ. ವಿದ್ಯಾರ್ಥಿವೇತನದ ಆಸೆಗೆ ಒಪ್ಪಿದಂತೆ ನಟಿಸುವುದು ಬೇಡ.