ಹೊರೆಯ ತೂಕ, ಬೆನ್ನಿನ ಬಲ

ಮಳೆಯ ಕೃಪೆಯನ್ನೇ ನೆಚ್ಚಿಕೊಂಡಿದ್ದ ಮಿರಜ ತಾಲೂಕಿನ ಪೂರ್ವಭಾಗಕ್ಕೆ ಮ್ಹೈಸಾಳದ ಏತ ನೀರಾವರಿಯ ಮೂಲಕ ಕೃಷ್ಣೆಯ ನೀರು ಏರಿಬಂದ ಮೇಲೆ, ಜೋಳದ ಹೊಲಗಳಿದ್ದೆಡೆಯಲ್ಲಿ ದ್ರಾಕ್ಷಿಯೂ ಕಬ್ಬೂ ಹಬ್ಬಿದವು. ಬೆಳೆ ಹೆಚ್ಚಿದಂತೆ ಅದನ್ನು ಎತ್ತಿ ಇಳಿಸುವ ಹೊರೆಯೂ ಹೆಚ್ಚಿತು. ಎಕರೆಗೆ 40 ಟನ್ನು ಕಬ್ಬು ಬಂದಿತೆಂದರೆ, 25 ಕಿಲೋಗೆ ಒಂದು ಹೊರೆಯಂತೆ 1600 ಹೊರೆಗಳು ಮನುಷ್ಯರ ತಲೆಯ ಮೇಲೆಯೇ ಟ್ರೇಲರಿಗೆ ಏರಬೇಕು. ಇದೇ ಭಾಗದ ಖಂಡೇರಾಜುರಿಯ ಸೀಮೆಯ ರೈತನು ಎತ್ತಿನ ಹೆಗಲು ಬಾತುದನ್ನು ಕಂಡೊಡನೆ ನೊಗವಿಳಿಸಿ, ಅರಿಸಿನ ಸವರಿ, ಅದಕ್ಕೆ ವಿಶ್ರಾಂತಿಯನ್ನು ಕೊಡುವನು. ಆದರೆ ತನ್ನ ಬೆನ್ನಿನ ವಿಷಯದಲ್ಲಿಯೂ, ತನ್ನ ಹೊಲದಲ್ಲಿ ದುಡಿಯುವ ಕೂಲಿಯವರ ಬೆನ್ನಿನ ವಿಷಯದಲ್ಲಿಯೂ ಅದೇ ವಿವೇಕವನ್ನು ತೋರುವುದು ವಿರಳ.

ನಮ್ಮ ಶರೀರವು ಭಾರವನ್ನೆತ್ತುವ ಬಗೆಯನ್ನು ತಿಳಿಯಲು ತಕ್ಕಡಿಯನ್ನು ನೆನೆದರೆ ಸಾಕು. ಸೊಂಟದ ಬೆನ್ನುಮೂಳೆಯೇ ಇಲ್ಲಿ ಆಧಾರಬಿಂದು. ಮುಂದೆ ಚಾಚಿದ ಕೈಯಲ್ಲಿರುವುದು ಹೊರೆ. ಅದನ್ನು ಸರಿದೂಗಿಸಬೇಕಾದ ಸ್ನಾಯುವೋ ಬೆನ್ನುಮೂಳೆಯಿಂದ ಸುಮಾರು 5 ಸೆಂಟಿಮೀಟರಿನಷ್ಟೇ ಹಿಂದಿದೆ. ಆದಕಾರಣ ಅರ್ಧ ಮೀಟರು ಮುಂದೆ ಹಿಡಿದ 20 ಕಿಲೋ ಹೊರೆಗಾಗಿ ಆ ಸ್ನಾಯುವು ಸುಮಾರು 200 ಕಿಲೋ ಭಾರಕ್ಕೆ ಸಮನಾದ ಸೆಳೆತವನ್ನು ಹಾಕಬೇಕಾಗುತ್ತದೆ. ಅದೇ ಹೊರೆಯನ್ನು ಹೊಟ್ಟೆಗೆ ಅವುಚಿ 25 ಸೆಂಟಿಮೀಟರು ಅಂತರದಲ್ಲಿ ಹಿಡಿದರೆ ಸೆಳೆತವು ಅರ್ಧಕ್ಕಿಳಿಯುತ್ತದೆ. ಬೆನ್ನುಮೂಳೆಯ ಮಣಿಗಳ ನಡುವೆ ಇರುವ ಮೆತ್ತನೆಯ ಬಿಲ್ಲೆಗಳು ಈ ಒತ್ತಡವನ್ನೆಲ್ಲ ಸಹಿಸಬೇಕು; ಬಾಗಿದ ಮೈಯನ್ನು ಪಕ್ಕಕ್ಕೆ ತಿರುಚಿ ಎತ್ತಿದಾಗ ಅವುಗಳಿಗೆ ಅತ್ಯಧಿಕ ಹಾನಿ. ರಾತ್ರಿಯ ನಿದ್ರೆಯಲ್ಲಿ ಈ ಬಿಲ್ಲೆಗಳು ದ್ರವವನ್ನು ಹೀರಿ ಉಬ್ಬಿರುವುದರಿಂದ, ನಸುಕಿನಲ್ಲಿ ಎದ್ದೊಡನೆ ಬಗ್ಗಿ ಭಾರವನ್ನೆತ್ತದೆ, ಮೊದಲ ಒಂದು ತಾಸು ಹಗುರವಾದ ಕೆಲಸದಲ್ಲಿ ತೊಡಗುವುದು ಲೇಸು.

ಹಾಗಾದರೆ ಎಷ್ಟು ಭಾರ ಯುಕ್ತ? ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು 1967ರಲ್ಲಿ ವಯಸ್ಕ ಪುರುಷನಿಗೆ 55 ಕಿಲೋ ಪರಮಾವಧಿಯೆಂದು ಶಿಫಾರಸು ಮಾಡಿತು; ಸ್ತ್ರೀಯರಿಗೂ ಎಳೆಯರಿಗೂ ಅದಕ್ಕಿಂತ ಬಹಳ ಕಡಿಮೆಯಿರಬೇಕೆಂದಿತು. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯು 1991ರಲ್ಲಿ ಪರಿಷ್ಕರಿಸಿದ ಸೂತ್ರವಾದರೋ, ಎಲ್ಲ ಅನುಕೂಲವಿದ್ದಾಗಲೂ 23 ಕಿಲೋ ಮೀರಬಾರದೆನ್ನುತ್ತದೆ. ನಮ್ಮ ದೇಶದಲ್ಲಿಯೂ ಒಂದು ಕಾಲದ 100 ಕಿಲೋ ಸಕ್ಕರೆಯ ಮೂಟೆ 50 ಕಿಲೋಗೆ ಇಳಿದಿದೆ. ಯೂರಿಯಾ ಚೀಲವು 2018ರಲ್ಲಿ 50ರಿಂದ 45 ಕಿಲೋಗೆ ಬಂದಿದೆ. ಕಾರ್ಖಾನೆಯ ಚೀಲವನ್ನು ಕಿರಿದುಗೊಳಿಸುವುದು ನಮ್ಮ ಕೈಯಲ್ಲಿಲ್ಲ. ಆದರೆ ನಾವೇ ತುಂಬುವ ಅರಿಸಿನದ ಚೀಲ, ನಾವೇ ಕಟ್ಟುವ ಕಬ್ಬಿನ ಹೊರೆ, ನಾವೇ ಜೋಡಿಸುವ ದ್ರಾಕ್ಷಿಯ ಕ್ರೇಟು ಇವುಗಳ ಭಾರವು ತುಂಬುವಾಗಲೇ ನಿಶ್ಚಯವಾಗುತ್ತದೆಂಬುದನ್ನು ಮರೆಯಬಾರದು. ಬಾಯಿಮಟ್ಟ ತುಂಬಿದ ಒಂದು ಚೀಲಕ್ಕಿಂತ ಅರೆತುಂಬಿದ ಎರಡು ಚೀಲಗಳೇ ಮೇಲು.

ಎತ್ತುವ ಕ್ರಮವು ಸರಳವಾದುದು. ಹೊರೆಯ ಹತ್ತಿರಕ್ಕೆ ಹೋಗಿ, ಪಾದಗಳನ್ನು ಅಗಲಿಸಿ, ಒಂದನ್ನು ತುಸು ಮುಂದಿಟ್ಟು, ಮೊಣಕಾಲು ಮಡಿಸಿ ಕುಳಿತು, ಹೊರೆಯನ್ನು ಮೈಗೆ ಒತ್ತಿ ಹಿಡಿದು, ತೊಡೆಯ ಬಲದಿಂದ ಏಳಬೇಕು. ತಿರುಗಬೇಕಾದಾಗ ಸೊಂಟವನ್ನು ತಿರುಚದೆ ಪಾದಗಳನ್ನೇ ತಿರುಗಿಸಬೇಕು. ತುಂಬಿದ ಚೀಲವನ್ನು ಇಬ್ಬರು ಒಂದೇ ಸೊಲ್ಲಿಗೆ ಎತ್ತಬೇಕು. ಕ್ರೇಟುಗಳನ್ನು ನೆಲದ ಮೇಲಿಡದೆ ಸೊಂಟದೆತ್ತರದ ಕಟ್ಟೆಯ ಮೇಲೋ ಹಲಗೆಯ ಮೇಲೋ ಇಟ್ಟರೆ, ದಿನವೊಂದಕ್ಕೆ ನೂರಾರು ಸಲ ಬಗ್ಗುವುದು ತಪ್ಪುತ್ತದೆ. ದೂರ ಸಾಗಿಸಲು ಕೈಗಾಡಿ ಬೇಕು. ಕಬ್ಬಿನ ಟ್ರೇಲರಿಗೆ ಒರಗಿಸುವ ಹಲಗೆ ಅಗಲವಾಗಿರಬೇಕು, ಕಾಲು ಜಾರದಂತೆ ಅದಕ್ಕೆ ಅಡ್ಡಪಟ್ಟಿಗಳಿರಬೇಕು, ಅದರ ತುದಿಯನ್ನು ಹಗ್ಗದಿಂದ ಬಿಗಿದಿರಬೇಕು; ಮಣ್ಣು ಹಸಿಯಾಗಿದ್ದ ದಿನ ಹೊರೆಯನ್ನು ಇನ್ನೂ ಕಿರಿದಾಗಿಸಬೇಕು. ದ್ರಾಕ್ಷಿಯ ಚಪ್ಪರದಡಿಯಲ್ಲಿ ಕತ್ತೆತ್ತಿ ಗೊನೆ ಬಿಡಿಸುವ ಹೆಂಗಸರಿಗೆ ಎತ್ತರಕ್ಕೆ ತಕ್ಕ ಮಣೆಯನ್ನು ಒದಗಿಸಿ, ಅರ್ಧ ತಾಸಿಗೊಮ್ಮೆ ಕೆಲಸವನ್ನು ಬದಲಿಸಿಕೊಟ್ಟರೆ ಭುಜವೂ ಕುತ್ತಿಗೆಯೂ ಉಳಿಯುತ್ತವೆ. ಗರ್ಭಿಣಿಯರಿಗೆ ಭಾರವಾದ ಹೊರೆಯನ್ನು ಹೊರಿಸಲೇಬಾರದು.

ಸೊಂಟದ ನೋವು ಕಾಲಿಗಿಳಿದರೆ, ಪಾದ ಜೋಮು ಹಿಡಿದರೆ ಅಥವಾ ಬಲಗುಂದಿದರೆ ತೈಲ ತಿಕ್ಕಿಸಿಕೊಳ್ಳುತ್ತ ಕಾಲಹರಣ ಮಾಡದೆ ವೈದ್ಯರನ್ನು ಕಾಣಬೇಕು. ಮೂತ್ರದ ಹತೋಟಿ ತಪ್ಪಿದರಂತೂ ಒಂದು ಗಳಿಗೆಯೂ ತಡಮಾಡಬಾರದು. ಆಸ್ಪತ್ರೆಗಳಿಗೆ ಹೆಸರಾದ ಮಿರಜ ನಮಗೆ ಸಮೀಪದಲ್ಲಿಯೇ ಇದೆ.

ಈ ಸುಗ್ಗಿಗೆ ಮುನ್ನ ಪ್ರತಿಯೊಬ್ಬ ಒಕ್ಕಲಿಗನೂ ತನ್ನ ಹೊಲದ ಒಂದು ಹೊರೆಯನ್ನು ತಕ್ಕಡಿಗೆ ಹಾಕಿ ನೋಡಲಿ. 23 ಕಿಲೋ ಮೀರಿದ್ದರೆ ಅದನ್ನು ಅಂದೇ ಬಿಚ್ಚಿ ಎರಡಾಗಿ ಕಟ್ಟಿಸಲಿ.