ಹೆದ್ದಾರಿ ಪಕ್ಕದ ಊರಲ್ಲಿ ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವಾಗ

ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು. ಬಿಡದಿ, ರಾಮನಗರ, ಚನ್ನಪಟ್ಟಣದವರ ಮನೆಬಾಗಿಲಿಗೇ ಗಂಟೆಗೆ 100 ಕಿ.ಮೀ. ವೇಗ ಬಂದು ನಿಂತಿದೆ. ಹಳೇ ಕಾರು ನೋಡಲು ಹೋದವರು ಇನ್ನೂ ಮೊದಲು ಕೇಳುವುದು ಮೈಲೇಜನ್ನೇ. ಈ ರಸ್ತೆಗೆ ಇಳಿಯುವ ಗಾಡಿಗೆ ಮೊದಲ ಪ್ರಶ್ನೆ ಬೇರೆ ಇರಬೇಕು: ಇದು ಸುರಕ್ಷಿತವೇ?

1. ಬಣ್ಣಕ್ಕಿಂತ ಮೊದಲು ತಯಾರಾದ ತಿಂಗಳು, ವರ್ಷ ನೋಡಿ. ಎಬಿಎಸ್ ಬ್ರೇಕ್ 2019ರ ಏಪ್ರಿಲ್‌ನಿಂದ, ಚಾಲಕನ ಏರ್‌ಬ್ಯಾಗ್ ಅದೇ ವರ್ಷದ ಜುಲೈನಿಂದ, ಪಕ್ಕದ ಸೀಟಿನದು 2022ರ ಜನವರಿಯಿಂದ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯವಾದವು. ಅದಕ್ಕೂ ಹಳೆಯದಾದರೆ ಇವು ಇರುವ ವೇರಿಯಂಟನ್ನೇ ಹುಡುಕಿ. ಕೀ ತಿರುಗಿಸಿದಾಗ ಏರ್‌ಬ್ಯಾಗ್ ದೀಪ ಹೊತ್ತಿ, ಆಮೇಲೆ ಆರಬೇಕು. ಹೊತ್ತದಿದ್ದರೂ ಅನುಮಾನಿಸಿ, ಆರದಿದ್ದರೂ ಅನುಮಾನಿಸಿ.

2. ಅಪಘಾತ ಪರೀಕ್ಷೆಯ ಸುರಕ್ಷತಾ ನಕ್ಷತ್ರ ಯಾವ ವೇರಿಯಂಟ್‌ಗೆ ಬಂದದ್ದು ಎಂದು ಕೇಳಿ. 2014ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಏರ್‌ಬ್ಯಾಗ್ ಇಲ್ಲದ ಪೋಲೊಗೆ ಸೊನ್ನೆ, ಏರ್‌ಬ್ಯಾಗ್ ಇದ್ದ ಪೋಲೊಗೆ ನಾಲ್ಕು. 2020ರಲ್ಲಿ ಟಿಯಾಗೊಗೂ ನಾಲ್ಕು ನಕ್ಷತ್ರ ಬಂತು. ಅಲಾಯ್ ವೀಲ್, ದೊಡ್ಡ ಸ್ಕ್ರೀನ್‌ಗೆ ಹಾಕುವ ದುಡ್ಡನ್ನು ನಕ್ಷತ್ರ ಪಡೆದ ವೇರಿಯಂಟ್‌ಗೆ ಹಾಕಿ.

3. ನೀರು ಕುಡಿದ ಗಾಡಿಯನ್ನು ಮುಟ್ಟಬೇಡಿ. ಇದನ್ನು ಒತ್ತಿ ಹೇಳುತ್ತೇನೆ. 2022ರ ಆಗಸ್ಟ್ ಮಳೆಗೆ ರಾಮನಗರದ ಬಳಿ ಹೆದ್ದಾರಿಯಲ್ಲೇ ಕಾರು, ಬಸ್ಸುಗಳು ನೀರಲ್ಲಿ ನಿಂತವು. ಮುಂದಿನ ತಿಂಗಳು ಬೆಂಗಳೂರಿನ ಬೆಳ್ಳಂದೂರು ಕಡೆಯ ಬಡಾವಣೆಗಳೇ ಮುಳುಗಿದವು. ಅಂಥ ಕಾರುಗಳು ತೊಳೆಸಿಕೊಂಡು, ಪಾಲಿಷ್ ಮಾಡಿಸಿಕೊಂಡು ಮಾರಾಟಕ್ಕೆ ಬರಬಹುದು. ಸೀಟ್‌ಬೆಲ್ಟನ್ನು ಕೊನೆಯವರೆಗೆ ಎಳೆದು ಕೆಸರಿನ ಗೆರೆ ಇದೆಯೇ ನೋಡಿ. ಮ್ಯಾಟ್ ಎತ್ತಿ ಕೆಳಗಿನ ಕಾರ್ಪೆಟ್ ಮೂಸಿ. ಸೀಟಿನ ಬೋಲ್ಟ್, ಸ್ಟೆಪ್ನಿ ಇಡುವ ಗುಂಡಿಯಲ್ಲಿ ತುಕ್ಕು ಹುಡುಕಿ. ಹೊಸ ಸೀಟ್ ಕವರ್, ಘಾಟು ಸೆಂಟ್ ಎರಡೂ ಒಟ್ಟಿಗಿದ್ದರೆ ಇನ್ನಷ್ಟು ಕೆದಕಿ. ನೀರು ಹೊಕ್ಕ ವೈರಿಂಗ್ ತಿಂಗಳುಗಳಾದ ಮೇಲೂ ಕೈಕೊಡುತ್ತದೆ, ಏರ್‌ಬ್ಯಾಗ್ ನಂಬಿರುವುದೂ ಅದೇ ವೈರಿಂಗನ್ನು.

4. ಟೈರಿನ ಬದಿಯಲ್ಲಿರುವ ತಯಾರಿಕೆಯ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ಓದಿ. 2319 ಎಂದರೆ 2019ರ 23ನೇ ವಾರದ್ದು. ಟ್ರೆಡ್ ಸವೆಯದಿದ್ದರೂ ಐದಾರು ವರ್ಷ ದಾಟಿದ ಟೈರಿನಲ್ಲಿ ಎಕ್ಸ್‌ಪ್ರೆಸ್‌ವೇ ಹತ್ತಬೇಡಿ. ನಾಲ್ಕು ಟೈರಿನ ಬೆಲೆ ವ್ಯಾಪಾರದಲ್ಲೇ ಇಳಿಸಿ.

5. ಡೀಸೆಲ್ ಆಸೆಗೆ ಬೀಳಬೇಡಿ. ತಿಂಗಳಿಗೆ ನಾಲ್ಕು ಸಲ ಕನಕಪುರದಿಂದ ರಾಮನಗರದ ಗೂಡಿನ ಮಾರುಕಟ್ಟೆಗೆ ಬರುವ ರೇಷ್ಮೆ ಬೆಳೆಗಾರರಿಗೆ ಪೆಟ್ರೋಲ್ ಸಣ್ಣ ಕಾರೇ ಸಾಕು. ದಿನಾ ಬೆಂಗಳೂರಿಗೆ ಹೋಗಿಬರುವವರು ಕಂಪನಿಯೇ ಅಳವಡಿಸಿದ ಸಿಎನ್‌ಜಿ ನೋಡಲಿ, ಸಿಲಿಂಡರ್ ತಪಾಸಣೆಯ ಪತ್ರದ ಸಮೇತ.

6. ಇಂಜಿನ್ ತಣ್ಣಗಿರುವಾಗ ಹೋಗಿ, ನಿಮ್ಮ ಮೆಕ್ಯಾನಿಕ್‌ನನ್ನು ಕರೆದೊಯ್ಯಿರಿ. ಮಾಗಡಿ ಕಡೆಯ ಏರಿನಲ್ಲಿ ಕ್ಲಚ್ಚಿನ ಸ್ಥಿತಿ ಗೊತ್ತಾಗುತ್ತದೆ. ಮೀಟರ್ ಓಡಿದ ಲೆಕ್ಕವನ್ನು ಸರ್ವಿಸ್ ಬಿಲ್ ಜೊತೆ ತಾಳೆ ನೋಡಿ.

7. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿದ್ದರೆ ಸಾಲ ತೀರಿದ ಎನ್‌ಒಸಿ, ಫಾರಂ 35 ಕೈಗೆ ಬರುವತನಕ ಪೂರ್ತಿ ಹಣ ಕೊಡಬೇಡಿ. ಬಾಕಿ ದಂಡ ಮೊದಲೇ ಕಟ್ಟಿಸಿ. ಫಾರಂ 29, 30ಕ್ಕೆ ಸಹಿ ಮಾಡಿಸಿಕೊಂಡು 30 ದಿನದೊಳಗೆ ಆರ್‌ಟಿಒದಲ್ಲಿ, 14 ದಿನದೊಳಗೆ ವಿಮಾ ಕಂಪನಿಯಲ್ಲಿ ಹೆಸರು ಬದಲಾವಣೆಗೆ ಅರ್ಜಿ ಕೊಡಿ. ಮಾರುವವರೂ ಇದನ್ನು ಬೆನ್ನುಹತ್ತಲಿ: ಆರ್‌ಸಿಯಲ್ಲಿ ಹೆಸರಿರುವವರೇ ಅಪಘಾತದ ಪರಿಹಾರಕ್ಕೆ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ.